ಸಂತೋಷವೆಲ್ಲ ಪರಲೋಕಕ್ಕೇ ಮೀಸಲಾ?

ಪ್ರಶ್ನೆ: ನಮ್ಮ ಚರ್ಚಿನ ಸಭೆಯಲ್ಲಿ ಯಾವಾಗಲೂ ಪರಲೋಕದ ಮಾತೇ. ಇಲ್ಲಿ ಕಷ್ಟಪಟ್ಟರೆ ಅಲ್ಲಿ ಆನಂದ ಅಂತಾರೆ. ಹಾಗಾದ್ರೆ ವಿಶ್ವಾಸಿಗಳು ಈಗ ಖುಷಿಯಾಗಿ ಇರಬಾರದಾ? ಮದುವೆ ಮನೆಯಲ್ಲಿ ಜೋರಾಗಿ ನಕ್ಕರೂ ಹಿರಿಯರು ಒಂಥರಾ ನೋಡ್ತಾರೆ. (ಗುಳೇದಗುಡ್ಡದ ಓದುಗರೊಬ್ಬರು)

ಉತ್ತರ: ಬಾಗಲಕೋಟೆ, ಬಾದಾಮಿ, ವಿಜಯಪುರ ಕಡೆಯ ಹುಡುಗ ಹುಡುಗಿಯರು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಹಾಗಾಗಿ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಇರಬಹುದು. ಇರಲೇಬೇಕು. ಯೇಸು ಕೊಡುತ್ತೇನೆ ಎಂದ ಜೀವ ಸತ್ತ ಮೇಲೆ ಶುರುವಾಗುವಂಥದ್ದಲ್ಲ. ಯೋಹಾನನ ಸುವಾರ್ತೆ 10ನೇ ಅಧ್ಯಾಯ 10ನೇ ವಚನ ತೆಗೆದು ನೋಡಿ, ತನ್ನ ಕುರಿಗಳಿಗೆ, ಅಂದರೆ ತನ್ನನ್ನು ನಂಬಿದವರಿಗೆ, ಜೀವ ಇರಬೇಕು, ಅದೂ ಸಮೃದ್ಧಿಯಾಗಿ ಇರಬೇಕು ಎಂದೇ ತಾನು ಬಂದದ್ದು ಎನ್ನುತ್ತಾನೆ. ಅದೇ ಸುವಾರ್ತೆಯ 5:24ರಲ್ಲಿ ತನ್ನ ಮಾತು ಕೇಳಿ ನಂಬಿದವನು ಆಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಎನ್ನುತ್ತಾನೆ. ಮುಂದೆ ಯಾವತ್ತೋ ದಾಟುತ್ತಾನೆ ಅಂತ ಅಲ್ಲ. ಆಗಲೇ ದಾಟಿದ್ದಾಗಿದೆ. ಅಂದಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತವರ ಹಾಗೆ ನಾವು ಇಡೀ ಆಯುಷ್ಯ ಕಳೆಯಬೇಕು ಎಂದು ಯೇಸು ಎಲ್ಲೂ ಹೇಳಿಲ್ಲ.

ಪರಲೋಕದ ಆಸೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಮ್ಮ ನಂಬಿಕೆಯ ಪ್ರಾಣ. ಆದರೆ ಆ ಜೀವದ ರುಚಿ ಇಲ್ಲೇ ಹತ್ತಬೇಕು.

ಹಾಗಾದರೆ ನಮ್ಮ ಹಿರಿಯರು ಯಾಕೆ ಹಾಗೆ ನೋಡುತ್ತಾರೆ? ಅವರ ಮೇಲೆ ಸಿಟ್ಟಾಗುವ ಮೊದಲು ಸ್ವಲ್ಪ ಹಿಂದಿನದ್ದು ತಿಳಿದುಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಿಮ್ಮ ಗುಳೇದಗುಡ್ಡಕ್ಕೆ. ಅವರಲ್ಲಿ ತುಂಬ ಜನ ದಕ್ಷಿಣ ಜರ್ಮನಿಯ ಪಯಟಿಸ್ಟ್ ಎಂಬ ಭಕ್ತಿ ಪಂಥದ ಮನೆಗಳಲ್ಲಿ ಬೆಳೆದವರು. ಹೃದಯದ ಭಕ್ತಿ, ದಿನಾ ಬೈಬಲ್ ಓದು, ಕಷ್ಟದ ದುಡಿಮೆ, ಇವೆಲ್ಲ ಅವರಿಂದ ನಮಗೆ ಬಂದ ಒಳ್ಳೆಯ ಆಸ್ತಿ. ಜೊತೆಗೆ ಕುಣಿತ, ನಾಟಕ, ಇಸ್ಪೀಟು ಇವುಗಳಿಂದ ದೂರ ಇರುವ ಗಂಭೀರ ನಡವಳಿಕೆಯೂ ಬಂತು. ಆಮೇಲೆ 1876ರಿಂದ 78ರವರೆಗಿನ ದೊಡ್ಡ ಬರ. ಈಗಿನ ಬಾಗಲಕೋಟೆ, ವಿಜಯಪುರ ಎರಡೂ ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು, ಆ ಜಿಲ್ಲೆ ಬರದಲ್ಲಿ ನುಜ್ಜುಗುಜ್ಜಾಯಿತು. ಮನೆಯಲ್ಲಿ ಹಿಡಿ ಜೋಳ ಇಲ್ಲದೆ, ಕಣ್ಣೆದುರಿಗೇ ಮಕ್ಕಳನ್ನು ಕಳೆದುಕೊಂಡವರಿಗೆ ಹಸಿವಿಲ್ಲದ, ಕಣ್ಣೀರಿಲ್ಲದ ಊರಿನ ಹಾಡು ಎಷ್ಟು ದೊಡ್ಡ ಆಸರೆ ಆಗಿದ್ದಿರಬೇಕು, ಯೋಚನೆ ಮಾಡಿ. ಆ ಹಾಡುಗಳಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅದರಿಂದ, ನಗುವವರು ಕಡಿಮೆ ಭಕ್ತಿಯವರು ಎಂಬ ಪಾಠ ಕಲಿತರೆ ಅದು ವಾಕ್ಯದಲ್ಲಿ ಇಲ್ಲದ ಪಾಠ.

ಮದುವೆ ಮನೆಯ ಮಾತು ಎತ್ತಿದ್ದೀರಿ, ಒಳ್ಳೇದಾಯ್ತು. ಯೋಹಾನನು ಬರೆದಿರುವ ಪ್ರಕಾರ ಯೇಸುವಿನ ಮೊದಲ ಸೂಚಕಕಾರ್ಯ, ಅಂದರೆ ಅದ್ಭುತ, ನಡೆದದ್ದೇ ಕಾನಾ ಊರಿನ ಮದುವೆಯಲ್ಲಿ. ಅಲ್ಲಿ ಯಾರೂ ಕಾಯಿಲೆ ಬಿದ್ದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಊಟದ ಮಧ್ಯೆ ದ್ರಾಕ್ಷಾರಸ ಮುಗಿದುಹೋಯಿತು, ಅಷ್ಟೇ. ಆದರೆ ಮದುವೆ ಮಾಡಿದವರಿಗೆ ಅದು ಎಂಥಾ ಅವಮಾನ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೀಗರ ಪಂಕ್ತಿಯಲ್ಲಿ ಹೋಳಿಗೆ ಸಾಲದೆ ಬಂದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ ಅಲ್ವಾ. ಅಲ್ಲಿ ಆರು ಕಲ್ಲಿನ ಬಾನಿಗಳಿದ್ದವು, ಯೆಹೂದ್ಯರು ಶುದ್ಧಾಚಾರಕ್ಕೆ ನೀರು ತುಂಬಿಡುತ್ತಿದ್ದವು. ಯೇಸು ಹೇಳಿದ ಹಾಗೆ ಅವನ್ನು ನೀರಿನಿಂದ ಕಂಠದವರೆಗೆ ತುಂಬಿಸಿದರು, ಆ ನೀರೆಲ್ಲ ದ್ರಾಕ್ಷಾರಸ ಆಯಿತು. ಈಗಿನ ಲೆಕ್ಕದಲ್ಲಿ ಐದಾರು ನೂರು ಲೀಟರ್! ಕೊರತೆ ನೀಗಿಸೋಕೆ ಒಂದೆರಡು ಕೊಡ ಸಾಕಿತ್ತು. ಯೇಸು ಲೆಕ್ಕ ಹಾಕಿ ಅಳೆದು ಕೊಡಲಿಲ್ಲ, ಕೊಟ್ಟದ್ದು ಕಳಪೆಯೂ ಆಗಿರಲಿಲ್ಲ. ಒಳ್ಳೆಯದನ್ನು ಇಲ್ಲಿತನಕ ಇಟ್ಟುಕೊಂಡಿದ್ದೀಯಲ್ಲ ಎಂದು ಊಟದ ಮೇಲ್ವಿಚಾರಕ ಮದುಮಗನನ್ನು ಕರೆದು ಕೇಳಿದ. (ಇದನ್ನು ಹಿಡಿದು ಯಾರಾದರೂ ಕುಡಿತಕ್ಕೆ ಸಮರ್ಥನೆ ತಂದರೆ ನಾನು ಒಪ್ಪುವುದಿಲ್ಲ. ಸಾರಾಯಿಯಿಂದ ಹಾಳಾದ ಮನೆಗಳನ್ನು ನಮ್ಮ ಊರುಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.) ನಮ್ಮ ಕರ್ತನು ಒಂದು ಮದುವೆ ಮನೆಯ ಸಂತೋಷ ಕೆಡಬಾರದು ಎಂದು ಕೈ ಹಾಕಿದವನು. ಅವನಿರುವ ಕಡೆ ನಗೋಕೆ ನಾವು ಯಾಕೆ ಹೆದರಬೇಕು?

ಹಾಗಂತ ಹಬ್ಬದ ದಿನದ ಸಂತೋಷ ಒಂದೇ ಸಾಕಾಗುವುದಿಲ್ಲ, ಬದುಕಿನ ಮುಕ್ಕಾಲು ಪಾಲು ಸಾದಾ ದಿನಗಳೇ. ನಿಮ್ಮೂರಲ್ಲೇ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ, ಮನೆಯಲ್ಲೇ ಕುಣಿಮಗ್ಗ ಇಟ್ಟುಕೊಂಡು ಖಣ ನೇಯುತ್ತಾರೆ. ಬೆಳಗ್ಗೆ ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ತನಕ ಲಾಳಿ ಆಡಿದ್ದೇ ಆಡಿದ್ದು. ನಡುನಡುವೆ ಎಳೆ ಹರಿಯುತ್ತದೆ. ಆಗ ಮಗ್ಗ ನಿಲ್ಲಿಸಬೇಕು, ಹರಿದ ಎಳೆಯ ಎರಡೂ ತುದಿ ಹುಡುಕಬೇಕು, ಬೆರಳಲ್ಲಿ ಹೊಸೆದು ಗಂಟು ಹಾಕಬೇಕು. ಕೂಲಿ ಇರುವುದೇ ಅಷ್ಟು, ಅದರಲ್ಲಿ ಹೊತ್ತು ಹೋಗುತ್ತದಲ್ಲ ಅಂತ ಮೊದಲೆಲ್ಲ ಅವರಿಗೆ ತಲೆ ಕೆಡುತ್ತಿತ್ತಂತೆ. ಈಗ ಒಂದೊಂದು ಎಳೆ ಗಂಟು ಹಾಕುವಾಗ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರೆ, ಜಗಳ ಆಡಿದ ನೆಗೆಣ್ಣಿ, ಪುಣೆಗೆ ದುಡಿಯೋಕೆ ಹೋದ ಮಗ, ಪಕ್ಕದ ಮನೆಯ ಬಾಣಂತಿ, ಹೀಗೆ. ಕೂಲಿ ಜಾಸ್ತಿ ಆಗಿಲ್ಲ, ಎಳೆ ಹರಿಯುವುದೂ ನಿಂತಿಲ್ಲ. ಆದರೆ ಆ ಮನೆಗೆ ಹೋದರೆ ಎದ್ದು ಬರೋಕೆ ಮನಸ್ಸಾಗುವುದಿಲ್ಲ. ಈ ದಿನದ ರೊಟ್ಟಿಯನ್ನು ಈ ದಿನ ಕೊಡು ಎಂದು ನಾವು ಕರ್ತನ ಪ್ರಾರ್ಥನೆಯಲ್ಲಿ ಕೇಳುತ್ತೇವಲ್ಲ, ಅದನ್ನು ಅವರು ಅಕ್ಷರಶಃ ಬದುಕುತ್ತಿದ್ದಾರೆ. ಸಮೃದ್ಧಿಯಾದ ಜೀವ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅವರೇ.

ಇನ್ನೊಂದು ಮುಖ್ಯವಾದ ಮಾತು. ಸಂತೋಷ ಅಂದರೆ ಯಾವಾಗಲೂ ಹಲ್ಲು ಬಿಟ್ಟುಕೊಂಡು ಇರೋದು ಅಂತ ಅಲ್ಲ. ಕೆಲವು ಕಡೆ ಈಗ ಉಲ್ಟಾ ಒತ್ತಡ ಶುರುವಾಗಿದೆ, ಮನೆಯಲ್ಲಿ ಸಾವಾದರೂ ಸಭೆಯ ಮುಂದೆ ದೇವರ ಕೆಲಸದ ಸಾಕ್ಷಿ ಹೇಳುವಾಗ ನಗುತ್ತಲೇ ಹೇಳಬೇಕು. ಅದು ಬೇಡ. ಸತ್ತುಹೋದ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸುವೇ ಕಣ್ಣೀರು ಹಾಕಿದ. ಅಪೊಸ್ತಲ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರ ಇರುವುದು ಬರೀ 4 ಅಧ್ಯಾಯ, ಅದರಲ್ಲಿ ಸಂತೋಷದ ಮಾತು ಹತ್ತಕ್ಕೂ ಹೆಚ್ಚು ಸಲ ಬರುತ್ತದೆ. ಅದೇ ಪತ್ರದಲ್ಲಿ, ಗೆಳೆಯ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ, ದೇವರು ಅವನನ್ನು ಉಳಿಸದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂದೂ ಬರೆಯುತ್ತಾನೆ. ಮುಚ್ಚಿಡುವುದಿಲ್ಲ.

ಆ ಪತ್ರದ 4ನೇ ಅಧ್ಯಾಯದಲ್ಲಿ ನಾವು ಓದಿಕೊಂಡು ಮುಂದೆ ಹೋಗಿಬಿಡುವ ಒಂದು ಜಾಗ ಇದೆ. ಯಾವಾಗಲೂ ಕರ್ತನಲ್ಲಿ ಸಂತೋಷಪಡಿರಿ ಎಂಬ 4ನೇ ವಚನ ನಮ್ಮ ಎಷ್ಟೋ ಮನೆಗಳ ಗೋಡೆ ಮೇಲೆ, ಕ್ಯಾಲೆಂಡರಿನಲ್ಲಿ ಇರುತ್ತದೆ. ಅದಕ್ಕೂ ಎರಡು ವಚನ ಮೊದಲು ಪೌಲ ಏನು ಹೇಳುತ್ತಾನೆ ನೋಡಿದ್ದೀರಾ? ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಣ್ಣುಮಕ್ಕಳು ಮನಸ್ತಾಪ ಬಿಟ್ಟು ಒಂದಾಗಲಿ ಎಂದು ಬೇಡಿಕೊಳ್ಳುತ್ತಾನೆ. ಇಬ್ಬರೂ ಸುವಾರ್ತೆಗಾಗಿ ಅವನ ಜೊತೆ ಕಷ್ಟಪಟ್ಟವರು, ಅವರನ್ನು ಒಂದು ಮಾಡೋಕೆ ಸಹಾಯ ಮಾಡು ಎಂದು ಇನ್ನೊಬ್ಬ ಜೊತೆಗಾರನನ್ನೂ ಕೇಳುತ್ತಾನೆ. ಸಂತೋಷದ ಮಾತು ಬರುವುದು ಅದಾದ ಮೇಲೆ. ನಮ್ಮ ಸಭೆಗಳಲ್ಲಿ ಕಮಿಟಿ ಜಗಳ, ಯಾರು ಮುಂದೆ ಕೂರಬೇಕು, ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಯಾರ ಮಗಳು ಹಾಡಬೇಕು ಎಂಬ ಮುನಿಸು ವರ್ಷಗಟ್ಟಲೆ ನಡೆಯುತ್ತದೆ, ಆಮೇಲೆ ಆರಾಧನೆಯಲ್ಲಿ ಯಾಕೋ ಜೀವವೇ ಇಲ್ಲ ಅಂತ ಪಾಸ್ಟರನ್ನು ದೂರುತ್ತೇವೆ. ನಿಮ್ಮ ಮನಸ್ಸಿನ ಸಂತೋಷ ಬತ್ತಿದೆ ಅನ್ನಿಸಿದರೆ ಮೊದಲು ಯಾರ ಜೊತೆ ಮಾತು ಬಿಟ್ಟಿದ್ದೀರಿ ಎಂದು ನೋಡಿಕೊಳ್ಳಿ. ಭಾನುವಾರದವರೆಗೂ ಕಾಯಬೇಡಿ, ಇವತ್ತೇ ಫೋನ್ ಮಾಡಿ.

ಇನ್ನು ಹೊಸ ಬಟ್ಟೆ, ಹಬ್ಬದ ಅಡುಗೆ, ಖರ್ಚು. ಬೈಬಲಿನ ನೆಹೆಮೀಯ ಪುಸ್ತಕದ 8ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಕೇಳಿ ಜನ ಅಳೋಕೆ ಶುರು ಮಾಡಿದಾಗ, ಅಳಬೇಡಿ, ಹೋಗಿ ಮೃಷ್ಟಾನ್ನ ಊಟ ಮಾಡಿ, ಸಿಹಿ ಕುಡಿಯಿರಿ, ಏನೂ ಮಾಡಿಕೊಳ್ಳೋಕೆ ಆಗದವರಿಗೆ ಅವರ ಪಾಲು ಕಳಿಸಿ ಎಂದು ಮುಂದಾಳುಗಳು ಹೇಳಿ ಕಳಿಸಿದರು. ಉಂಡು ಸಂತೋಷಪಡುವುದು, ಇಲ್ಲದವರಿಗೆ ಕಳಿಸುವುದು, ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಕ್ರಿಸ್ಮಸ್ಸಿಗೆ ಕರ್ಚಿಕಾಯಿ, ಚಕ್ಕುಲಿ ಮಾಡಿ ಓಣಿಯ ಎಲ್ಲ ಮನೆಗೂ, ಯಾವ ಜಾತಿ ಧರ್ಮ ಅಂತ ನೋಡದೆ ತಟ್ಟೆ ಕಳಿಸುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಅದನ್ನು ಬಿಡಬೇಡಿ. ಸಾಲ ಮಾಡಿ ಮೆರೆಯೋದು ಮಾತ್ರ ಬೇಡ, ಆ ಸಂತೋಷ ಕಂತು ಕಟ್ಟುವ ದಿನಕ್ಕೇ ಮುಗಿದುಹೋಗುತ್ತದೆ.

ಕೊನೆಗೆ, ಇದನ್ನು ಓದುತ್ತಿರುವ ಕೆಲವರಿಗೆ ವಾರಗಟ್ಟಲೆಯಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಸತ್ತುಹೋದರೆ ಸಾಕು ಅನ್ನಿಸುತ್ತಿರಬಹುದು. ಅದು ವಿಶ್ವಾಸ ಕಡಿಮೆ ಆಗಿ ಬಂದದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾವನ್ನೇ ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವರು ಬುದ್ಧಿವಾದ ಹೇಳಲಿಲ್ಲ. ದೂತನ ಕೈಲಿ ರೊಟ್ಟಿ ನೀರು ಕೊಡಿಸಿದ, ಮತ್ತೆ ಮಲಗೋಕೆ ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಿದ. ಮಾತು ಬಂದದ್ದು ಆಮೇಲೆ. ನೀವೂ ಪ್ರಾರ್ಥನೆಯ ಜೊತೆಗೆ ಡಾಕ್ಟರ ಹತ್ತಿರ ಹೋಗಿ, ನಂಬಿಕೆಯ ಒಬ್ಬರಿಗಾದರೂ ಬಾಯಿ ಬಿಟ್ಟು ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.