ಅಮ್ಮನಿಗೆ ಕ್ಯಾನ್ಸರ್ ಆಗಿತ್ತು: ವಂಶವಾಹಿ ಪರೀಕ್ಷೆ ಮೊದಲು ಯಾರಿಗೆ?

ಪ್ರಶ್ನೆ: ನನಗೆ 34 ವರ್ಷ, ಬೇಲೂರು ತಾಲ್ಲೂಕಿನವಳು. ಅಮ್ಮನಿಗೆ 43ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು; ಚಿಕಿತ್ಸೆ ಮುಗಿದು ಈಗ ಆರೋಗ್ಯವಾಗಿದ್ದಾರೆ. ಅಮ್ಮನ ತಂಗಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಹಾಸನದಲ್ಲಿ ಲ್ಯಾಬಿಗೆ ರಕ್ತ ಕೊಟ್ಟರೆ ಈ ಕಾಯಿಲೆ ನನಗೂ ಬರುತ್ತದೆಯೋ ಇಲ್ಲವೋ ತಿಳಿಯುತ್ತದೆ ಎನ್ನುತ್ತಾರೆ. ಮಾಡಿಸಿಕೊಳ್ಳಲೇ? ಅಣ್ಣನಿಗೆ ಇದರ ಅಗತ್ಯವಿಲ್ಲ ಅಲ್ಲವೇ?

ಉತ್ತರ: ನಿಮ್ಮ ಮನೆತನದಲ್ಲಿ ವಂಶವಾಹಿ ಪರೀಕ್ಷೆ ಆಗಬೇಕು, ಆದರೆ ಮೊದಲು ನಿಮಗಲ್ಲ, ನಿಮ್ಮ ತಾಯಿಗೆ. ಅಣ್ಣನ ವಿಷಯದಲ್ಲಿ ನಿಮ್ಮ ಊಹೆ ಸರಿಯಲ್ಲ.

ಕ್ಯಾನ್ಸರ್ ಆದವರಲ್ಲಿ ಹೆತ್ತವರಿಂದ ಬಂದ ವಂಶವಾಹಿ ದೋಷವೇ ಮುಖ್ಯ ಕಾರಣವಾಗಿರುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಯಿತೆಂದು ಎಲ್ಲರೂ ಲ್ಯಾಬಿಗೆ ಓಡಬೇಕಾಗಿಲ್ಲ. ಆದರೆ 50 ವರ್ಷಕ್ಕೆ ಮೊದಲೇ ಬಂದ ಸ್ತನ ಕ್ಯಾನ್ಸರ್, ಒಂದೇ ಕಡೆಯ ಬಂಧುಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗಳೆರಡೂ ಕಾಣಿಸಿಕೊಂಡಿರುವುದು, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿರುವುದು, ಇಂಥವು ಕಂಡಾಗ ವೈದ್ಯರು ಆನುವಂಶಿಕ ಕಾರಣವನ್ನು ಶಂಕಿಸುತ್ತಾರೆ. ಇವುಗಳಲ್ಲಿ ಮೊದಲ ಎರಡೂ ನಿಮ್ಮ ತಾಯಿಯ ಕಡೆಯಲ್ಲಿವೆ.

ಇಲ್ಲಿ ಮುಖ್ಯವಾಗಿ ಹುಡುಕುವುದು ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ವಂಶವಾಹಿಗಳಲ್ಲಿನ ದೋಷವನ್ನು. ಮೊದಲನೆಯದು 17ನೇ ವರ್ಣತಂತುವಿನಲ್ಲಿದೆಯೆಂದು 1990ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್. ಅವರಿಗೆ ದಾರಿ ತೋರಿದ್ದು ಚಿಕ್ಕ ವಯಸ್ಸಿನಲ್ಲೇ ಹಲವರಿಗೆ ಸ್ತನ ಕ್ಯಾನ್ಸರ್ ಬರುತ್ತಿದ್ದ ಕುಟುಂಬಗಳ ವಂಶಾವಳಿಗಳು. ಈ ವಂಶವಾಹಿಗಳ ಕೆಲಸ ಡಿಎನ್‌ಎಯಲ್ಲಾಗುವ ಹಾನಿಯನ್ನು ಸರಿಪಡಿಸುವುದು. ಅವು ಕೆಟ್ಟಿದ್ದರೆ ಹಾನಿ ಉಳಿದುಬಿಡುತ್ತದೆ, ಕ್ಯಾನ್ಸರಿನ ಸಾಧ್ಯತೆ ಏರುತ್ತದೆ. ದೋಷವಿರುವ ಮಹಿಳೆಯರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿಗೆ ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆಂಬ ಅಂದಾಜಿದೆ. ಹಾಗಾಗಿ ‘ಬರುತ್ತದೆಯೋ ಇಲ್ಲವೋ’ ಎಂಬುದಕ್ಕೆ ಯಾವ ಲ್ಯಾಬೂ ಉತ್ತರ ಕೊಡಲಾರದು. ಅದು ಹೇಳುವುದು ಅಪಾಯದ ಪ್ರಮಾಣವನ್ನಷ್ಟೇ.

ತಾಯಿಯ ರಕ್ತವನ್ನೇ ಮೊದಲು ಪರೀಕ್ಷಿಸಬೇಕೆನ್ನಲು ಬಲವಾದ ಕಾರಣವಿದೆ. ನೀವೇ ಮೊದಲು ಮಾಡಿಸಿಕೊಂಡು ‘ದೋಷ ಕಂಡುಬಂದಿಲ್ಲ’ ಎಂಬ ವರದಿ ಬಂದಿತೆನ್ನಿ. ತಾಯಿಯಲ್ಲಿರುವ ದೋಷ ನಿಮಗೆ ಬಂದಿಲ್ಲ ಎಂಬ ಸಮಾಧಾನದ ಅರ್ಥ ಅದಕ್ಕಿರಬಹುದು. ಅಥವಾ ನಿಮ್ಮ ಕುಟುಂಬದ ದೋಷ ಈ ಪರೀಕ್ಷೆ ನೋಡದ ಬೇರೆಲ್ಲೋ ಇರಬಹುದು. ಎರಡರಲ್ಲಿ ಯಾವುದೆಂದು ಆ ಕಾಗದದಿಂದ ತಿಳಿಯುವುದಿಲ್ಲ. ತಾಯಿಯಲ್ಲಿ ದೋಷ ಇಂಥ ಜಾಗದಲ್ಲಿದೆ ಎಂದು ಮೊದಲೇ ಗೊತ್ತಾದರೆ, ನಿಮ್ಮಲ್ಲಿ ಆ ಒಂದು ಜಾಗವನ್ನು ನೋಡಿದರೆ ಸಾಕು. ಸರ್ವೆ ನಂಬರ್ ಗೊತ್ತಿದ್ದವರಿಗೆ ಒಂದು ಪಹಣಿ ಸಾಕಾಗುವಂತೆ, ಗೊತ್ತಿಲ್ಲದವರು ಇಡೀ ಹೋಬಳಿಯ ದಾಖಲೆ ತಿರುವಬೇಕಾಗುವಂತೆ. ಖರ್ಚೂ ಕಡಿಮೆ, ಉತ್ತರವೂ ಖಚಿತ. ಆಗ ‘ಇಲ್ಲ’ ಎಂದು ಬಂದರೆ ನಿಮ್ಮ ಅಪಾಯ ಬಹುಮಟ್ಟಿಗೆ ಎಲ್ಲರಿಗಿರುವಷ್ಟೇ.

ಹೌದು, ಇಲ್ಲ ಎಂಬುವುಗಳ ನಡುವೆ ಮೂರನೆಯ ಬಗೆಯ ವರದಿಯೂ ಇದೆ: ವಂಶವಾಹಿಯಲ್ಲಿ ಬದಲಾವಣೆಯಿದೆ, ಅದು ಹಾನಿಕರವೋ ಅಲ್ಲವೋ ಸದ್ಯಕ್ಕೆ ತಿಳಿದಿಲ್ಲ ಎನ್ನುವಂಥದು. ಜಗತ್ತಿನ ವಂಶವಾಹಿ ದತ್ತಾಂಶದಲ್ಲಿ ಹೆಚ್ಚಿನದು ಯುರೋಪ್ ಮೂಲದವರದಾದ್ದರಿಂದ ಭಾರತೀಯರಿಗೆ ಇಂಥ ವರದಿ ಹೆಚ್ಚಾಗಿ ಬರುತ್ತದೆ. ಇದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಹೊರಡುವಂತಿಲ್ಲ. ಲ್ಯಾಬಿನವರು ಪಿಡಿಎಫ್ ಕಳಿಸಿ ಕೈತೊಳೆದುಕೊಳ್ಳುವ ಏರ್ಪಾಡು ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೇ. ಪರೀಕ್ಷೆಗೆ ಮೊದಲೊಮ್ಮೆ, ವರದಿ ಬಂದ ಮೇಲೊಮ್ಮೆ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಪರೀಕ್ಷೆಯ ಅರ್ಥವನ್ನೂ ಮುಂದಿನ ದಾರಿಯನ್ನೂ ತಜ್ಞರು ಕೂತು ವಿವರಿಸುವ ಸಮಾಲೋಚನೆ, ಆಗಲೇಬೇಕು.

ಕೌನ್ಸೆಲರ್ ಮೊದಲು ಕೇಳುವುದು ಮೂರು ತಲೆಮಾರಿನ ವಿವರ: ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ. ನಮ್ಮ ಕಡೆ ಹಿಂದಿನವರ ಕಾಯಿಲೆಗೆ ಹೆಸರು ಸಿಗುವುದು ಕಷ್ಟ. ‘ಅಜ್ಜಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದರು’ ಎಂಬ ಮಾತಿನ ಹಿಂದೆ ಯಕೃತ್ತಿನ ಕಾಯಿಲೆಯೂ ಇರಬಹುದು, ಅಂಡಾಶಯದ ಕ್ಯಾನ್ಸರೂ ಇರಬಹುದು. ಆದ್ದರಿಂದ ಹೊರಡುವ ಮುನ್ನ ಹಿರಿಯರನ್ನು ವಿಚಾರಿಸಿ, ಬೀರುವಿನಲ್ಲಿ ಉಳಿದಿರಬಹುದಾದ ತಾಯಿಯ ಹಾಗೂ ಚಿಕ್ಕಮ್ಮನ ಬಯಾಪ್ಸಿ ವರದಿ, ಡಿಸ್ಚಾರ್ಜ್ ಕಾಗದಗಳನ್ನು ಒಟ್ಟು ಮಾಡಿಕೊಳ್ಳಿ. ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳೊಡನೆ ಮದುವೆಗಳಾಗಿದ್ದರೆ ಅದನ್ನೂ ಹೇಳಿ. ಆಗ ಒಂದೇ ದೋಷ ತಂದೆತಾಯಿ ಇಬ್ಬರ ಕಡೆಯಿಂದಲೂ ಬರುವ ಸಾಧ್ಯತೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹಾಸನದಲ್ಲಿ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ವೈದ್ಯರಿಗೋ ತಾಯಿಗೆ ಚಿಕಿತ್ಸೆ ನೀಡಿದವರಿಗೋ ತೋರಿಸಿ, ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳುವುದು ಸರಿಯಾದ ದಾರಿ.

ಇನ್ನು ಅಣ್ಣನ ವಿಷಯ. ತಾಯಿಯಲ್ಲಿ ದೋಷವಿದ್ದರೆ ಮಗನಿಗೂ ಮಗಳಿಗೂ ಅದು ಬರುವ ಸಾಧ್ಯತೆ ಸಮಾನ, ನೂರಕ್ಕೆ 50. ಗಂಡಸರಲ್ಲಿ ಅದು ಪ್ರಾಸ್ಟೇಟ್ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಅಪಾಯವನ್ನು, ಸ್ವಲ್ಪಮಟ್ಟಿಗೆ ಸ್ತನ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ಅವರಿಗೆ ಏನೂ ಆಗದಿದ್ದರೂ ಹೆಣ್ಣುಮಕ್ಕಳಿಗೆ ದಾಟಿಸಬಹುದು. ಅವರ ಮಕ್ಕಳು ಚಿಕ್ಕವರಾಗಿದ್ದರೆ ಈಗಲೇ ಪರೀಕ್ಷೆ ಬೇಡ; 18 ದಾಟಿದ ಮೇಲೆ ಅವರೇ ನಿರ್ಧರಿಸಲಿ. ಹೆಣ್ಣು ಕೊಡುವ-ತರುವ ಮಾತಿಗೆ ಅಡ್ಡಿಯಾದೀತೆಂದು ಮನೆಯವರು ವರದಿಯನ್ನು ಮುಚ್ಚಿಡುವುದುಂಟು. ಆ ಅಳುಕು ಅರ್ಥವಾಗುವಂಥದೇ, ಆದರೆ ತಿಳಿಯಬೇಕಾದ ರಕ್ತಸಂಬಂಧಿಗಳಿಗೂ ತಿಳಿಸದಿದ್ದರೆ ಪರೀಕ್ಷೆಯ ಅರ್ಧ ಪ್ರಯೋಜನ ನಷ್ಟವಾಗುತ್ತದೆ.

ನಿಮ್ಮಲ್ಲಿ ದೋಷ ಖಚಿತವಾದರೆ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಮತ್ತು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಲು ಹೇಳುತ್ತಾರೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆಹಚ್ಚುವ ನಂಬಿಕಸ್ಥ ತಪಾಸಣೆ ಇಲ್ಲದ ಕಾರಣ, ಬಿಆರ್‌ಸಿಎ-1 ದೋಷವಿರುವವರಿಗೆ ಮಕ್ಕಳಾದ ಬಳಿಕ 35ರಿಂದ 40ರ ವಯಸ್ಸಿನೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವ ಸಲಹೆ ಕೊಡುತ್ತಾರೆ. ನಿಮಗೀಗ 34 ಆಗಿರುವುದರಿಂದ ತಾಯಿಯ ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡಬೇಡಿ.

ಒಂದು ಕೆಲಸವಂತೂ ಯಾವ ವರದಿಗೂ ಕಾಯಬೇಕಾಗಿಲ್ಲ. ಹತ್ತಿರದ ಬಂಧುವಿಗೆ ಸ್ತನ ಕ್ಯಾನ್ಸರ್ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಆದರೆ 30ಕ್ಕಿಂತ ಮುಂಚೆಯಲ್ಲ, ತಪಾಸಣೆ ಆರಂಭಿಸುವುದು ರೂಢಿ. ನಿಮ್ಮ ತಾಯಿಗೆ ಆಗ 43. ಆ ಲೆಕ್ಕದಲ್ಲಿ ನಿಮ್ಮ ತಪಾಸಣೆ ಕಳೆದ ವರ್ಷವೇ ಶುರುವಾಗಬೇಕಿತ್ತು. ಈ ತಿಂಗಳೇ ವೈದ್ಯರನ್ನು ಕಾಣಿ.