ಟಾರ್ಚ್ ಹಿಡಿದು ಕೂತವರಿಗೆ ನಿದ್ದೆ ಮಾತ್ರೆ ಯಾಕೆ?

"ಒಂದು ನಿದ್ದೆ ಮಾತ್ರೆ ಬರ್ಕೊಡಿ ಸಾರ್, ಸಾಕು." ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆ ನೋಡೋ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳಿ ಕೇಳಿ ನನ್ನ ನಿದ್ದೆಯೇ ಹಾರಿಹೋಗಿದೆ.

ಚಿತ್ರದುರ್ಗ ಸೀಮೆಯ ಕುರಿಗಾಹಿಯೊಬ್ಬರನ್ನು ಹೆಂಡತಿ ಕರೆತಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ರಾತ್ರಿ ರೊಪ್ಪಕ್ಕೆ ಬೀದಿನಾಯಿಗಳು ನುಗ್ಗಿದ್ದವು. ನಾಯಿಗಳು ತಿನ್ನೋದಕ್ಕೇ ಕೊಲ್ಲುತ್ತವೆ ಅಂತಿಲ್ಲ, ಓಡಿದ್ದನ್ನೆಲ್ಲ ಕಚ್ಚಿ ಕೆಡವುತ್ತವೆ. ಹೆದರಿದ ಕುರಿಗಳು ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಉಸಿರುಕಟ್ಟಿಯೂ ಸಾಯುತ್ತವೆ. ಬೆಳಗಾಗೋ ಹೊತ್ತಿಗೆ 23 ಹೋಗಿದ್ದವು. ಪಶುವೈದ್ಯರು ಬಂದು ಪೋಸ್ಟ್‌ಮಾರ್ಟಂ ಮಾಡಿದರು, ಕುರಿ ಸತ್ತರೆ ಸರ್ಕಾರ ಪರಿಹಾರ ಕೊಡೋ ಅನುಗ್ರಹ ಯೋಜನೆಗೆ ಅರ್ಜಿ ಹೋಯಿತು, ಬಾಮೈದ ಸಾಲ ಮಾಡಿ ಎರಡೇ ವಾರಕ್ಕೆ 10 ಮರಿ ತಂದುಕೊಟ್ಟ.

"ಎಲ್ಲಾ ಆಯ್ತಲ್ಲ ಸಾರ್. ಇನ್ನೂ ಯಾಕೆ ಹಿಂಗಿದಾರೆ?" ಅಂತ ಹೆಂಡತಿ ಕೇಳಿದರು.

ಬೆಳಿಗ್ಗೆ 11 ಗಂಟೆ. ಆ ಮನುಷ್ಯ ತೊಡೆ ಮೇಲೆ ಟಾರ್ಚ್ ಇಟ್ಟುಕೊಂಡು ಕೂತಿದ್ದರು. ಹೆಬ್ಬೆರಳು ಗುಂಡಿ ಮೇಲೆ. ಆಸ್ಪತ್ರೆ ಅಂಗಳದಲ್ಲಿ ಎಲ್ಲೋ ನಾಯಿ ಬೊಗಳಿತು, ಟಾರ್ಚ್ ಹತ್ತಿತು, ಆರಿತು. ಅವರಿಗೇ ಗೊತ್ತಾಗಲಿಲ್ಲ.

"ಆವತ್ತು ರಾತ್ರಿ ಎಲ್ಲಿದ್ರಿ?" ಅಂದೆ.

"ಮಲ್ಕೊಂಡಿದ್ದೆ."

ಅಷ್ಟೇ ಹೇಳಿದ್ದು. ಆದರೆ ರೋಗ ಇರೋದೇ ಅಲ್ಲಿ, ಮನೆಯವರಿಗೆ ನಾನು ಎಷ್ಟು ಸಲ ಹೇಳಿದರೂ ಅರ್ಥವಾಗದಿರೋದೂ ಅದೇ. ಇವರಿಗೆ ನಿದ್ದೆ ಬರುತ್ತಿಲ್ಲ ಅಂತಲ್ಲ, ನಿದ್ದೆ ಮಾಡೋಕೆ ಭಯ. ಅವರ ಲೆಕ್ಕದಲ್ಲಿ ಕುರಿಗಳನ್ನು ಕೊಂದಿದ್ದು ನಾಯಿಗಳಲ್ಲ, ಅವರ ನಿದ್ದೆ. ಅಂಥವರಿಗೆ ನೀವು ಮಾತ್ರೆ ನುಂಗಿಸಿ ಮಲಗಿಸಿದರೆ ಅವರ ಪಾಲಿಗೆ ಕಾವಲುಗಾರನನ್ನು ಕಟ್ಟಿಹಾಕಿದ ಹಾಗೆ. ಹೊಸ ಮರಿ ತಂದುಕೊಟ್ಟಿರಲ್ಲ, ಅದೂ ಅಷ್ಟೇ: ಕಾಯೋಕೆ ಇನ್ನೂ ಹತ್ತು ಜೀವ, ಮೇಲೆ ಸಾಲ. ಒಳ್ಳೇ ಮನಸ್ಸಿಂದಲೇ ತಂದಿದ್ದೀರಿ, ಇಲ್ಲ ಅನ್ನಲ್ಲ. ಆದರೆ ತರೋ ಮೊದಲು ಅವರನ್ನ ಒಂದು ಮಾತು ಕೇಳಬಾರದಿತ್ತಾ?

ದುಡ್ಡು ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ ಇನ್ನೊಂದು ಮಾತು. 2001ರಲ್ಲಿ ಬ್ರಿಟನ್‌ನಲ್ಲಿ ಕಾಲುಬಾಯಿ ಜ್ವರ ತಡೆಯೋಕೆ 60 ಲಕ್ಷಕ್ಕೂ ಜಾಸ್ತಿ ದನ, ಕುರಿ, ಹಂದಿಗಳನ್ನು ಕೊಂದರು. ರೈತರಿಗೆ ಪರಿಹಾರವೂ ಬಂತು. ಆದರೂ ಅಲ್ಲಿನ ಕಂಬ್ರಿಯಾ ಕಡೆಯ ಜನ ಆಮೇಲೆ ಬರೆದಿಟ್ಟ ದಿನಚರಿಗಳಲ್ಲಿ ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬರೋದು, ಇನ್ನೊಂದು ಅನಾಹುತ ಬಂದೀತು ಅನ್ನೋ ಹೆದರಿಕೆ, ಎಲ್ಲಾ ಇತ್ತು.

ಎಲ್ಲರದ್ದೂ ಇದೇ ಕತೆ ಅಂತಲ್ಲ, ನೋಡದೆ ಹೇಳೋಕಾಗಲ್ಲ. ಆದರೆ ಇಂಥ ಆಘಾತದ ಮೊದಲ ತಿಂಗಳು ಬೆಂಜೋಡಯಾಜೆಪೀನ್ ಜಾತಿಯ ನಿದ್ದೆ ಮಾತ್ರೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಈಗಾಗಲೇ ನುಂಗುತ್ತಿದ್ದರೆ ತಟ್ಟಂತ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಕುಡಿದರೆ ನಿದ್ದೆ ಬರುತ್ತೆ ಅಂತ ಹೆಂಡ ಕೊಡೋ ಭಾವ, ಮಾವಂದಿರನ್ನು ದೂರ ಇಡಿ. ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳೋದು ನಿಲ್ಲದಿದ್ದರೆ ಬನ್ನಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಸಾಯೋ ಮಾತು ಬಾಯಿಗೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಹೊಲಕ್ಕೆ ಹೊಡೆಯೋ ಔಷಧಿ ಅವತ್ತೇ ಮನೆಯಿಂದ ಆಚೆ ಹೋಗಲಿ, ಅವರೊಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆ ಕುರಿಗಾಹಿಗೆ ನಾನು ಹೇಳಿದ್ದು ಇಷ್ಟೇ: ರೊಪ್ಪಕ್ಕೆ ಎತ್ತರದ ಜಾಲರಿ ಹಾಕಿಸಿ, ರಾತ್ರಿ ಕಾವಲನ್ನು ಬಾಮೈದನ ಜೊತೆ ಪಾಳಿ ಮಾಡಿಕೊಳ್ಳಿ. "ಮಲ್ಕೊಳ್ಳಿ" ಅಂತ ಬಾಯಿ ತಪ್ಪಿಯೂ ಹೇಳಲಿಲ್ಲ. ಜೊತೆಗೆ ವಾರ ವಾರ ಬಂದು ಮಾತಾಡಿದರು, ಜಾಸ್ತಿ ಸತ್ತ ಟಗರಿನ ಬಗ್ಗೆಯೇ. ಅದಕ್ಕೊಂದು ಹೆಸರೂ ಇತ್ತು.

ನಾಲ್ಕನೇ ಸಲ ಬಂದಾಗ ಕೈ ಖಾಲಿ ಇತ್ತು. ಟಾರ್ಚ್ ಎಲ್ಲಿ ಅಂದೆ.

"ಬಾಮೈದನ ಹತ್ರ ಇದೆ ಸಾರ್. ರಾತ್ರಿ ಅವನದೇ ಪಾಳಿ."