ಪ್ರಯೋಗಕ್ಕೆ ಮೊದಲೇ ಕ್ರಿಯೆಯ ಉತ್ಪನ್ನವನ್ನು ಕಂಪ್ಯೂಟರ್ ಹೇಳಬಲ್ಲುದೇ?

ಪ್ರಶ್ನೆ: ಎರಡು ಸಾವಯವ ಸಂಯುಕ್ತಗಳನ್ನು ಬೆರೆಸಿದರೆ ಯಾವ ಉತ್ಪನ್ನ ಸಿಗುತ್ತದೆ ಎಂದು ಕಂಪ್ಯೂಟರ್ ಕೊಡುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಕ್ರಿಯೆ ಹಿಡಿಯಬಹುದಾದ ದಾರಿಗಳ ನಡುವೆ ಶಕ್ತಿಯ ಅಂತರ ಎಷ್ಟಿದೆಯೋ, ಅಷ್ಟರ ಮಟ್ಟಿಗೆ ನಂಬಬಹುದು. ನಾಲ್ಕು ಕಾರ್ಬನ್‌ಗಳ ಸರಪಳಿಯಲ್ಲಿ ಎರಡು ಜೋಡಿಬಂಧಗಳಿರುವ 1,3-ಬ್ಯೂಟಡೈಈನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರುವುದನ್ನೇ ನೋಡೋಣ. ಮೊದಲು ಪ್ರೋಟಾನ್ ತುದಿಯ ಕಾರ್ಬನ್ನಿಗೆ ಸೇರಿಕೊಂಡಾಗ ಧನಾವೇಶವು ಎರಡನೆಯ ಮತ್ತು ನಾಲ್ಕನೆಯ ಕಾರ್ಬನ್‌ಗಳಿಗೆ ಹಂಚಿಹೋಗುತ್ತದೆ. ಬ್ರೋಮೈಡ್ ಅವೆರಡರಲ್ಲಿ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬುದರ ಮೇಲೆ 1,2 ಅಥವಾ 1,4 ಉತ್ಪನ್ನ ಬರುತ್ತದೆ. ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರಕ್ಕೆ ಸುಮಾರು 80 ಭಾಗ 1,2 ಉತ್ಪನ್ನವೇ ಸಿಗುತ್ತದೆ, 40 ಡಿಗ್ರಿಯಲ್ಲಿ ಈ ಪ್ರಮಾಣ ತಿರುವುಮುರುವಾಗುತ್ತದೆ. ತಂಪಿನಲ್ಲಿ ಬೇಗ ಉಂಟಾಗುವುದು ಮೇಲುಗೈ ಪಡೆದರೆ, ಬಿಸಿಯಲ್ಲಿ ಕ್ರಿಯೆ ಹಿಂದಕ್ಕೂ ಸಾಗುವುದರಿಂದ ಹೆಚ್ಚು ಸ್ಥಿರವಾದದ್ದು ಉಳಿಯುತ್ತದೆ. ಆದ್ದರಿಂದ ಉತ್ಪನ್ನಗಳ ಸ್ಥಿರತೆಯನ್ನಷ್ಟೇ ಲೆಕ್ಕಹಾಕಿದವರಿಗೆ ತಂಪಿನ ಪ್ರಯೋಗದ ಉತ್ತರ ತಪ್ಪುತ್ತದೆ. ಅದಕ್ಕೆ ಎರಡೂ ದಾರಿಗಳ ಸಂಕ್ರಮಣ ಸ್ಥಿತಿಗಳನ್ನು, ಅಂದರೆ ದಾರಿಯಲ್ಲಿ ಶಕ್ತಿ ಅತಿ ಹೆಚ್ಚಿರುವ ಘಟ್ಟಗಳನ್ನು ಹುಡುಕಿ, ಅಲ್ಲಿಗೆ ಏರಲು ದಾಟಬೇಕಾದ ಶಕ್ತಿಯ ತಡೆಗೋಡೆಗಳ ಎತ್ತರವನ್ನು ಹೋಲಿಸಲೇಬೇಕು.

ತೊಡಕಿರುವುದು ಇಲ್ಲಿಯೇ. ಮೈನಸ್ 80 ಡಿಗ್ರಿಯಲ್ಲಿ 4:1 ಪ್ರಮಾಣ ಬರಲು ಮೋಲಿಗೆ ಸುಮಾರು 0.5 ಕಿಲೋಕ್ಯಾಲರಿ ಅಂತರ ಸಾಕು. ಅಣುವಿನ ಶಕ್ತಿಯನ್ನು ಎಲೆಕ್ಟ್ರಾನ್ ಸಾಂದ್ರತೆಯಿಂದ ಕಂಡುಹಿಡಿಯುವ ಡಿಎಫ್‌ಟಿ (ಡೆನ್ಸಿಟಿ ಫಂಕ್ಷನಲ್ ಥಿಯರಿ) ಲೆಕ್ಕಗಳಲ್ಲಿ ಒಂದೆರಡು ಕಿಲೋಕ್ಯಾಲರಿ ದೋಷ ಸಾಮಾನ್ಯ. ಒಂದೇ ಬಗೆಯ ಎರಡು ಸಂಕ್ರಮಣ ಸ್ಥಿತಿಗಳನ್ನು ಹೋಲಿಸುವಾಗ ಈ ದೋಷದ ಹೆಚ್ಚಿನ ಪಾಲು ಎರಡೂ ಕಡೆ ಸಮನಾಗಿದ್ದು ಕಳೆದುಹೋಗುತ್ತದೆ ಎಂಬುದೇ ಈ ವಿಧಾನದ ದೊಡ್ಡ ಬಲ. ಹಾಗಿದ್ದರೂ ದ್ರಾವಕವನ್ನೂ ಅಣು ತಾಳಬಹುದಾದ ಬೇರೆ ಬೇರೆ ಭಂಗಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಬಲವೂ ಕೈಕೊಡುತ್ತದೆ.

ದತ್ತಾಂಶದಿಂದ ಕಲಿತ ತಂತ್ರಾಂಶಗಳ ಬಗೆ ಬೇರೆ. ಅವು ಅಣುಗಳನ್ನು ಸ್ಮೈಲ್ಸ್ ಎಂಬ ಅಕ್ಷರಸಾಲಾಗಿ ಓದಿ, ಕ್ರಿಯೆಯನ್ನು ಒಂದು ಅನುವಾದದಂತೆ ನಿಭಾಯಿಸುತ್ತವೆ. 2019ರಲ್ಲಿ ಪ್ರಕಟವಾದ ಮಾಲಿಕ್ಯುಲರ್ ಟ್ರಾನ್ಸ್‌ಫಾರ್ಮರ್ ಎಂಬ ಇಂಥ ತಂತ್ರಾಂಶ, ಅಮೆರಿಕದ ಪೇಟೆಂಟ್‌ಗಳಿಂದ ಆಯ್ದ ಪರೀಕ್ಷಾ ಕ್ರಿಯೆಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವಕ್ಕೆ ಮೊದಲ ಊಹೆಯಲ್ಲೇ ಸರಿಯುತ್ತರ ಕೊಟ್ಟಿತು. ಇದು ನಿಜಕ್ಕೂ ಮೆಚ್ಚತಕ್ಕ ಸಾಧನೆ. ಆದರೆ ಪೇಟೆಂಟ್‌ಗಳಲ್ಲಿ ವಿಫಲವಾದ ಕ್ರಿಯೆಗಳು ದಾಖಲಾಗುವುದು ಅಪರೂಪ, ಮತ್ತು ಆ ಅಕ್ಷರಸಾಲಿನಲ್ಲಿ ತಾಪಮಾನಕ್ಕೆ ಜಾಗವೇ ಇಲ್ಲ. ಹಾಗಾಗಿ ಮೇಲಿನ ಬ್ಯೂಟಡೈಈನ್ ಕ್ರಿಯೆಯನ್ನು ಕೊಟ್ಟರೆ ಮೈನಸ್ 80 ಡಿಗ್ರಿಗೂ 40 ಡಿಗ್ರಿಗೂ ಅದರಿಂದ ಒಂದೇ ಉತ್ತರ ಬರುತ್ತದೆ.

ನನ್ನ ಸಲಹೆ ಇಷ್ಟು: ಯಾವ ಯಾವ ಉತ್ಪನ್ನಗಳು ಸಾಧ್ಯ ಎಂಬುದನ್ನು ಕಲಿತ ತಂತ್ರಾಂಶದಿಂದ ತಿಳಿದುಕೊಂಡು, ಅವುಗಳಲ್ಲಿ ಯಾವುದು ಮುಂದಾಗುತ್ತದೆ ಎಂಬುದನ್ನು ತಡೆಗೋಡೆಗಳ ಲೆಕ್ಕದಿಂದ ನೋಡಿ. ಕೋಣೆಯ ತಾಪಮಾನದಲ್ಲಿ ಅಂತರ 3 ಕಿಲೋಕ್ಯಾಲರಿ ದಾಟಿದರೆ ಒಂದು ಉತ್ಪನ್ನ ಇನ್ನೊಂದರ ನೂರು ಪಟ್ಟಿಗೂ ಮಿಕ್ಕಿ ಬರಬೇಕು. 1ಕ್ಕಿಂತ ಕಡಿಮೆಯಿದ್ದರೆ ಫ್ಲಾಸ್ಕಿನಲ್ಲಿ ಮಾಡಿ ನೋಡುವವರೆಗೆ ಯಾವುದನ್ನೂ ಬರೆದಿಡಬೇಡಿ.